ಅಪ್ಪನ ಕಡೆಯವರ ಬಗ್ಗೆ ಕೇಳದ ಕ್ಯಾಲ್ಕುಲೇಟರ್

ಸ್ತನ ಕ್ಯಾನ್ಸರ್ ಅಮ್ಮನ ಕಡೆಯಿಂದ ಮಾತ್ರ ಬರುತ್ತದೆ ಎಂದು ನಂಬಿದವರು ನನ್ನ ಬಳಿ ಬರುತ್ತಲೇ ಇರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಸುಮಾ ಎನ್ನೋಣ. 38 ವರ್ಷ, ಟೀಚರ್. ಆನ್‌ಲೈನ್‌ನಲ್ಲಿ ಸ್ತನ ಕ್ಯಾನ್ಸರ್ ಬರುವ ಅಪಾಯವನ್ನು ಲೆಕ್ಕ ಹಾಕುವ ಗೇಲ್ ಕ್ಯಾಲ್ಕುಲೇಟರ್ ತುಂಬಿದ್ದರು, ಅಪಾಯ ಕಡಿಮೆ ಎಂದು ಬಂದಿತ್ತು. ಗಂಡನ ಒತ್ತಾಯಕ್ಕೆ ಬಂದಿದ್ದರು, ಅಷ್ಟೇ.

ನಾನು ಹಾಳೆಯ ಮೇಲೆ ವಂಶವೃಕ್ಷ ಬರೆಯುತ್ತಾ ತಂದೆ ಕಡೆಯವರ ಬಗ್ಗೆ ಕೇಳಿದೆ.

"ಅಜ್ಜಿ 42ಕ್ಕೇ ಎದೆಯ ಗಡ್ಡೆಯಿಂದ ಹೋದ್ರಂತೆ. ಸೋದರತ್ತೆಗೆ ಅಂಡಾಶಯದ ಕ್ಯಾನ್ಸರ್‌ಗೆ ಚಿಕಿತ್ಸೆ ನಡೀತಿದೆ. ಆದ್ರೆ ಅದು ಅಪ್ಪನ ಕಡೆ ಅಲ್ವಾ ಮೇಡಂ? ಕಂಪ್ಯೂಟರ್ ಅವರ ಬಗ್ಗೆ ಕೇಳಲೇ ಇಲ್ಲ."

ನಿಜ, ಕೇಳುವುದಿಲ್ಲ. 1989ರಲ್ಲಿ ಅಮೆರಿಕದಲ್ಲಿ ರೂಪಿಸಿದ ಆ ಲೆಕ್ಕ, ತಾಯಿ, ಅಕ್ಕತಂಗಿ, ಮಗಳಿಗೆ ಸ್ತನ ಕ್ಯಾನ್ಸರ್ ಬಂದಿತ್ತೇ ಎಂದಷ್ಟೇ ನೋಡುತ್ತದೆ. ಅಜ್ಜಿಗೆ ಯಾವ ವಯಸ್ಸಿಗೆ ಬಂತು, ಅತ್ತೆಯ ಅಂಡಾಶಯಕ್ಕೆ ಏನಾಯಿತು ಎನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಸಾಮಾನ್ಯ ಮಹಿಳೆಯರಿಗೆ ಅದು ಉಪಯುಕ್ತ ಸಾಧನ. ಇಂಥ ಕುಟುಂಬಕ್ಕೆ ಅಲ್ಲ.

ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನ್‌ನ ದೋಷವನ್ನು ಗಂಡಸರೂ ಹೊತ್ತಿರುತ್ತಾರೆ. ತಂದೆ ಆರೋಗ್ಯವಾಗಿದ್ದರೂ ಪ್ರತಿ ಮಗುವಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ. 2017ರ ದೊಡ್ಡ ಅಧ್ಯಯನವೊಂದರ ಪ್ರಕಾರ, ಈ ಜೀನ್‌ಗಳಲ್ಲಿ ಒಂದಾದ ಬಿಆರ್‌ಸಿಎ1ರಲ್ಲಿ ದೋಷ ಇರುವ ಮಹಿಳೆಯರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಅಪಾಯ ಶೇ. 72ರಷ್ಟು, ಅಂಡಾಶಯದ್ದು ಶೇ. 44ರಷ್ಟು.

ಇದನ್ನು ಕೇಳಿ ಸುಮಾ, "ಇವತ್ತೇ ರಕ್ತ ಕೊಡ್ತೀನಿ" ಎಂದರು. ನಾನು ಬೇಡ ಎಂದೆ. ಮೊದಲು ಅತ್ತೆಯನ್ನು ಪರೀಕ್ಷಿಸಬೇಕು.

ಇದು ಸುಮ್ನೆ ಸುತ್ತಿಸುವುದು ಎಂದು ಕೆಲವರು ನನ್ನನ್ನು ದೂರುತ್ತಾರೆ. ಆದರೂ ನನ್ನ ನಿಲುವು ಇದೇ. ಸುಮಾ ಅವರ ವರದಿಯಲ್ಲಿ ಏನೂ ಸಿಗದಿದ್ದರೆ, ಅವರಿಗೆ ದೋಷ ಬಂದಿಲ್ಲವೋ, ಆ ಪರೀಕ್ಷೆಗೆ ಅದು ಸಿಗಲಿಲ್ಲವೋ, ಹೇಗೆ ಗೊತ್ತಾಗಬೇಕು? ಅತ್ತೆಯಲ್ಲಿ ದೋಷ ಸಿಕ್ಕರೆ ಸುಮಾ ಅವರಲ್ಲಿ ಅದೊಂದನ್ನೇ ಹುಡುಕಿದರಾಯಿತು. ಆಗ ಇಲ್ಲ ಎಂದರೆ ಅದು ನಂಬಬಹುದಾದ ಇಲ್ಲ. ಅತ್ತೆ ಒಪ್ಪದಿದ್ದರೆ ಮಾತ್ರ ಸುಮಾ ಅವರ ಪರೀಕ್ಷೆ.

"ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಹಾಕಿಬಿಡ್ಲಾ?"

ಬೇಡವೇ ಬೇಡ ಎಂದೆ. ಅತ್ತೆಯ ಮನೆಗೇ ಹೋಗಿ. ನಿಮಗೋಸ್ಕರ ಮಾತ್ರ ಕೇಳಬೇಡಿ, ಅವರಿಗೂ ಇದರಿಂದ ಲಾಭವಿದೆ ಎಂದು ತಿಳಿಸಿ. ದೋಷ ಇದ್ದರೆ ಓಲಾಪರಿಬ್‌ನಂಥ ಔಷಧಿಗಳು ಅವರ ಚಿಕಿತ್ಸೆಗೂ ಕೆಲಸಕ್ಕೆ ಬರಬಹುದು. ಅವರು ಒಲ್ಲೆ ಎಂದರೆ ಒತ್ತಾಯ ಮಾಡಬೇಡಿ.

ಕೆಲವು ವಾರಗಳ ನಂತರ ಅತ್ತೆಯೂ ಜೊತೆಗೆ ಬಂದರು. ಒಂದೇ ಷರತ್ತು: ಮಗಳಿಗೆ ಮದುವೆ ಮಾತುಕತೆ ನಡೆಯುತ್ತಿದೆ, ಫಲಿತಾಂಶವನ್ನು ಅವಳಿಗೆ ತಾನೇ ಹೇಳಬೇಕು. ಅದನ್ನು ಅವರ ಫೈಲಿನಲ್ಲಿ ಬರೆದು, ಸುಮಾ ಅವರಿಂದಲೂ ಮಾತು ತೆಗೆದುಕೊಂಡ ಮೇಲೆಯೇ ರಕ್ತದ ಮಾದರಿಯನ್ನು ಲ್ಯಾಬಿಗೆ ಕಳಿಸಿದೆವು.