ಎರಡು ರೂಪಾಯಿ ನೋಟಿನಿಂದ ಶುರು ಮಾಡಿ, ಮೇಡಂ

ಮೇಡಂ, ಹೈಸ್ಕೂಲಿನ ಸಮಾಜ ಪಾಠದಲ್ಲಿ ಬಾಹ್ಯಾಕಾಶದ ವಿಷಯ ಹೇಗೆ ತರೋದು, ಅದು ವಿಜ್ಞಾನದವರ ಪಾಠ ಅಂತಾರಲ್ಲ ಅಂತ ಕೇಳಿದ್ದೀರಿ. ರಾಕೆಟ್ ಹೇಗೆ ಹಾರುತ್ತದೆ ಅನ್ನೋದು ಅವರದೇ, ನಿಜ. ಎಲ್ಲಿಂದ ಹಾರಿತು, ಯಾರ ದುಡ್ಡು, ಯಾರ ಜಾಗ, ಯಾರಿಗೆ ಏನು ಸಿಕ್ಕಿತು, ಇದೆಲ್ಲ ನಮ್ಮ ಪಾಠವೇ ಅಲ್ವಾ?

ಮೊದಲ ವರ್ಷ ನಾನು ಸುಮ್ನೆ ಉಡಾವಣೆಯ ವಿಡಿಯೋ ತೋರಿಸಿದೆ. ಮಕ್ಕಳು ಚಪ್ಪಾಳೆ ಹೊಡೆದರು, ಬೆಲ್ ಆಯಿತು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ.

ಈಗ ಹಳೇ ಎರಡು ರೂಪಾಯಿ ನೋಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೆಂಚಿನಿಂದ ಬೆಂಚಿಗೆ ಕೊಡುತ್ತೇನೆ. ಹಿಂಬದಿಯಲ್ಲಿ ಪಟ್ಟಿ ಪಟ್ಟಿಯ ಒಂದು ಚಿತ್ರ. ಮಕ್ಕಳು ಗೂಡುದೀಪ ಅಂತಾರೆ, ವಜ್ರ ಅಂತಾರೆ. ಅದು ಆರ್ಯಭಟ, ನಮ್ಮ ಮೊದಲ ಉಪಗ್ರಹ. 26 ಮುಖ, 360 ಕೆ.ಜಿ. ತೂಕ. ಕಟ್ಟಿದ್ದು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ. ತಂಡದ ಮುಂದಾಳು ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್. ಹಾರಿದ್ದು ಮಾತ್ರ ಸೋವಿಯತ್ ಒಕ್ಕೂಟದ ನೆಲದಿಂದ, 1975ರ ಏಪ್ರಿಲ್ 19ರಂದು. "ಇಲ್ಲಿ ಮಾಡಿ ಅಷ್ಟು ದೂರ ಯಾಕೆ ಹೊತ್ಕೊಂಡು ಹೋದ್ರು?" ಅಂತ ಮಕ್ಕಳೇ ಕೇಳುವವರೆಗೆ ಕಾಯಿರಿ. ಅವಸರ ಬೇಡ.

ಅದೇ ವರ್ಷ ಆಗಸ್ಟ್ 1ರಂದು ಇನ್ನೊಂದು ಪ್ರಯೋಗ ಶುರುವಾಯಿತು, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸೋದು. ಅಮೆರಿಕ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಿಟ್ಟುಕೊಟ್ಟಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು. ಕೋಳಿಗೂಡಿಗೆ ಹಾಕುವ ತಂತಿ ಜಾಲರಿಯಲ್ಲೇ ಛತ್ರಿ ಆಂಟೆನಾ ಮಾಡಿದ್ದರು. ರಷ್ಯಾದವರ ರಾಕೆಟ್, ಅಮೆರಿಕದವರ ಉಪಗ್ರಹ, ಎರಡೂ ಒಂದೇ ವರ್ಷ. ಅಮೆರಿಕ, ಸೋವಿಯತ್ ಎರಡೂ ಬಣಗಳಿಗೆ ಸೇರದ ನಮ್ಮ ಅಲಿಪ್ತ ನೀತಿಯನ್ನು ಬಾಯಿಪಾಠ ಮಾಡಿಸುವ ಬದಲು ಇಷ್ಟನ್ನು ಬೋರ್ಡಿನ ಮೇಲೆ ಎರಡು ಸಾಲಲ್ಲಿ ಬರೆಯಿರಿ. ನನಗಂತೂ ಇದಕ್ಕಿಂತ ಸಲೀಸಾದ ದಾರಿ ಸಿಕ್ಕಿಲ್ಲ.

ನೀವು ರಾಯಚೂರು ಕಡೆಯವರು ಅಂದಿರಲ್ಲ, ಅದು ನಿಮ್ಮ ಅದೃಷ್ಟ. ಕರ್ನಾಟಕದಲ್ಲಿ ಆ ಟಿವಿ ಬಂದದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿಗೇ. ಆಗ ಹತ್ತು ವರ್ಷದವರಿಗೆ ಈಗ ಅರವತ್ತರ ಮೇಲಾಗಿದೆ. ಅಜ್ಜ ಅಜ್ಜಿಯನ್ನು ಕೇಳಿಕೊಂಡು ಬರೋಕೆ ಹೇಳಿ. ಪೆಟ್ಟಿಗೆ ಎಲ್ಲಿ ಇಟ್ಟಿದ್ದರು? ಮುಂದೆ ಯಾರು ಕೂರುತ್ತಿದ್ದರು? ಹೆಂಗಸರು ಬರುತ್ತಿದ್ದರಾ? ಎಲ್ಲರೂ ಬಂದು ಕೂರಬಹುದಿತ್ತಾ? 1976ರ ಜುಲೈ 31ಕ್ಕೆ ಅದು ನಿಂತಾಗ ಏನನ್ನಿಸಿತು? ನಿಮ್ಮೂರಲ್ಲಿ ಇರದಿದ್ದರೆ ಪಕ್ಕದೂರಲ್ಲಿ ವಿಚಾರಿಸಲಿ.

ಭೂಗೋಳಕ್ಕೆ ಶ್ರೀಹರಿಕೋಟ, ಇಸ್ರೋ ರಾಕೆಟ್ ಹಾರಿಸುವ ಆಂಧ್ರ ಕರಾವಳಿಯ ದ್ವೀಪ. ಅಟ್ಲಾಸ್ ತೆಗೆಸಿ, ಪೂರ್ವಕ್ಕೆ ಬರೀ ಸಮುದ್ರ ಇರೋದನ್ನು ಅವರೇ ನೋಡಲಿ. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಆ ಕಡೆ ಹಾರಿಸಿದರೆ ವೇಗ ಸ್ವಲ್ಪ ಪುಕ್ಕಟೆಯಾಗಿ ಸಿಗುತ್ತದೆ, ಕಳಚಿದ ಭಾಗಗಳು ನೀರಿಗೆ ಬೀಳುತ್ತವೆ. ಆ ದ್ವೀಪದಲ್ಲಿ ಮೊದಲು ಯಾನಾದಿ ಬುಡಕಟ್ಟಿನ ಜನ ಇದ್ದರು. ಉಡಾವಣಾ ಕೇಂದ್ರಕ್ಕೆ ಜಾಗ ಬೇಕಾದಾಗ ಅವರು ನೆಲೆ ಬಿಡಬೇಕಾಯಿತು. ಇದನ್ನು ಹಾರಿಸಿಬಿಡಬೇಡಿ. ನಮ್ಮ ಮಕ್ಕಳು ಆ ದಿನ ತುಂಬಾ ಹೊತ್ತು ಇದನ್ನೇ ಮಾತಾಡಿದರು. ಇಸ್ರೋ ಮೇಲಿನ ಅಭಿಮಾನವೇನೂ ಕಮ್ಮಿಯಾಗಲಿಲ್ಲ.

ಪೌರನೀತಿಗೆ 1967ರ ಬಾಹ್ಯಾಕಾಶ ಒಪ್ಪಂದ ಒಂದೇ ಸಾಕು. ಚಂದ್ರನನ್ನು ಯಾವ ದೇಶವೂ ತನ್ನದು ಅನ್ನುವ ಹಾಗಿಲ್ಲ. "ಹಾಗಾದ್ರೆ ಅಲ್ಲಿಂದ ಅಗೆದು ತಂದ ಕಲ್ಲು ಯಾರದು?" ಅಂತ ಕೇಳೇ ಕೇಳ್ತಾರೆ. ಅದರಲ್ಲಿ ದೇಶಗಳೇ ಇನ್ನೂ ಒಮ್ಮತಕ್ಕೆ ಬಂದಿಲ್ಲ ಅಂತ ಹೇಳಿ, ಚರ್ಚೆಗೆ ಬಿಡಿ.

ನೋಟು ಸಿಗದಿದ್ದರೆ ಇಲ್ಲೇ ಹೇಳಿ. ನನ್ನ ಹತ್ತಿರ ಇನ್ನೊಂದಿದೆ, ಅಂಚೆಯಲ್ಲಿ ಕಳಿಸುತ್ತೇನೆ.