ಬೇಸಿಗೆ ಮುಗಿದ ಮೇಲೆ ಕನ್ನಡದಲ್ಲಿ ಯಾವ ಸಿನಿಮಾಕ್ಕೆ ಕಾಯಬಹುದು?

ನೀವು ಕೇಳಿದ್ದು ಇಷ್ಟು: ಮೇ ಕೊನೆಗೆ ಪುಣೆಯಿಂದ ಊರಿಗೆ ಬರುತ್ತೀರಿ, ಆಗಸ್ಟ್ ಮಧ್ಯದ ತನಕ ಇರುತ್ತೀರಿ. ಆ ಹೊತ್ತಿಗೆ ದೊಡ್ಡ ಸ್ಟಾರ್‌ಗಳ ಸಿನಿಮಾ ಒಂದೂ ಕಾಣುತ್ತಿಲ್ಲ. ಕಾಯುವಂಥದ್ದು ಏನಾದರೂ ಬರತ್ತಾ? ಪೋಸ್ಟರಿನಲ್ಲಿ ಹಾಕುವ ತಾರೀಖನ್ನು ನಂಬಬಹುದಾ?

ಎರಡನೆಯದಕ್ಕೆ ಮೊದಲು ಉತ್ತರ: ಸುಮ್ನೆ ಪೋಸ್ಟರ್ ನೋಡಿ ರೈಲು ಟಿಕೆಟ್ ಮಾಡಿಸಬೇಡಿ. ಯಾವಾಗ ನಂಬಬಹುದು ಅಂತ ಆಮೇಲೆ ಹೇಳುತ್ತೇನೆ. ಮೊದಲನೆಯದಕ್ಕೆ ಉತ್ತರ: ಖಂಡಿತ ಬರುತ್ತದೆ. ವರ್ಷದಲ್ಲಿ ನಾನು ಜಾಸ್ತಿ ಆಸೆ ಇಟ್ಟುಕೊಂಡು ಕಾಯುವ ತಿಂಗಳುಗಳೇ ಇವು. ಆದರೆ ಸ್ಟಾರ್‌ಗಳ ಹೆಸರು ಹುಡುಕುತ್ತಾ ಕೂತರೆ ಏನೂ ಕಾಣುವುದಿಲ್ಲ.

ಬೇಸಿಗೆಯ ದೊಡ್ಡ ಸಿನಿಮಾಗಳು ಅಂತ ಇಂಟರ್‌ನೆಟ್ಟಿನಲ್ಲಿ ಓಡಾಡುವ ಪಟ್ಟಿಗಳೆಲ್ಲ ಹೆಚ್ಚಾಗಿ ಅಮೆರಿಕದ ಲೆಕ್ಕದವು. ಅಲ್ಲಿ ಮೇಯಿಂದ ಆಗಸ್ಟ್ ತನಕ ದೊಡ್ಡ ಸೀಸನ್. ನಮ್ಮಲ್ಲಿ ಶಾಲೆಗೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೀಗ ಬಿದ್ದರೆ ಮೇ ಕೊನೆಗೆ ಮತ್ತೆ ಗಂಟೆ ಹೊಡೆಯುತ್ತದೆ. ಅವರ ಸೀಸನ್ ಬಿಸಿಯೇರುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಕೊಡೆ ಹೊರಗೆ ಬಂದಿರುತ್ತದೆ.

ಜೂನ್ ಬಂತೆಂದರೆ ಸ್ಕೂಲ್ ಫೀಸು, ಯೂನಿಫಾರ್ಮು, ಪುಸ್ತಕ, ಶೂ. ನಾಲ್ಕು ಜನ ಮಲ್ಟಿಪ್ಲೆಕ್ಸಿಗೆ ಹೋಗಿ ಪಾಪ್‌ಕಾರ್ನ್ ತಿಂದು ಬರುವಷ್ಟು ದುಡ್ಡು ಯಾರ ಕೈಯಲ್ಲೂ ಉಳಿದಿರುವುದಿಲ್ಲ. ನಾನಿರುವುದು ಶಿವಮೊಗ್ಗದಲ್ಲಿ. ಇಲ್ಲಿ ಮಳೆ ಹಿಡಿದರೆ ರಾತ್ರಿ ಶೋಗೆ ಬೆರಳೆಣಿಕೆಯ ಜನ. ಬಯಲುಸೀಮೆಯಲ್ಲಿ ಬಿತ್ತನೆಯ ಗಡಿಬಿಡಿ. ಅದರ ಹಿಂದೆಯೇ ಆಷಾಢ. ಮದುವೆ, ಗೃಹಪ್ರವೇಶ ಯಾವುದೂ ಮಾಡದ ತಿಂಗಳಲ್ಲಿ ಕೋಟಿಗಟ್ಟಲೆ ಸುರಿದ ಸಿನಿಮಾ ಬಿಡೋಕೆ ಎಷ್ಟೋ ನಿರ್ಮಾಪಕರಿಗೆ ಮನಸ್ಸು ಬರುವುದಿಲ್ಲ.

ಇದಕ್ಕೂ ಮುಂಚೆ ಐಪಿಎಲ್ ಇರುತ್ತದೆ. ಆರ್‌ಸಿಬಿ ಮ್ಯಾಚ್ ಇರುವ ದಿನ ಸಂಜೆ ಶೋ ಖಾಲಿ ಅನ್ನುವುದು ಟಾಕೀಸಿನವರ ಹಳೇ ಗೋಳು. ನನಗೆ ಇದು ಅರ್ಧ ನಿಜ, ಅರ್ಧ ನೆಪ ಅನ್ನಿಸುತ್ತದೆ. ‘ಕೆಜಿಎಫ್ ಚಾಪ್ಟರ್ 2’ ಬಂದದ್ದು 2022ರ ಏಪ್ರಿಲ್ 14ಕ್ಕೆ, ಐಪಿಎಲ್ ಜೋರಾಗಿ ನಡೆಯುತ್ತಿದ್ದಾಗ. ಮ್ಯಾಚ್ ಇದೆ ಅಂತ ಯಾರಾದರೂ ಟಿಕೆಟ್ ಬಿಟ್ಟರಾ? ಸಿನಿಮಾದ ಮೇಲೆ ಧೈರ್ಯ ಇಲ್ಲದವರಿಗೆ ಕ್ರಿಕೆಟ್ ಒಳ್ಳೆಯ ಕಾರಣ ಅಷ್ಟೇ.

ನಮ್ಮ ದೊಡ್ಡ ಸಿನಿಮಾಗಳ ನಿಜವಾದ ಸೀಸನ್ ಡಿಸೆಂಬರ್. ‘ಮುಂಗಾರು ಮಳೆ’ ಬಿಡುಗಡೆಯಾದದ್ದೇ 2006ರ ಡಿಸೆಂಬರ್ 29ಕ್ಕೆ. ‘ಕಿರಿಕ್ ಪಾರ್ಟಿ’, ‘ಕೆಜಿಎಫ್’ ಮೊದಲ ಭಾಗ, ‘ಕಾಟೇರ’ ಎಲ್ಲ ವರ್ಷದ ಕೊನೆಯವು. 2024ರಲ್ಲಿ ‘ಯುಐ’ ಮತ್ತು ‘ಮ್ಯಾಕ್ಸ್’ ಒಂದೇ ವಾರದೊಳಗೆ ಬಂದವು. ಇನ್ನೊಂದು ಜಾಗ ದಸರಾ. ‘ಕಾಂತಾರ’ 2022ರ ಸೆಪ್ಟೆಂಬರ್ 30ಕ್ಕೆ ಬಂತು, ‘ಕಾಂತಾರ ಚಾಪ್ಟರ್ 1’ 2025ರ ಅಕ್ಟೋಬರ್ 2ಕ್ಕೆ, ವಿಜಯದಶಮಿಯ ದಿನವೇ. ನಿಮಗೆ ಬೇಕಾದದ್ದು ಕಟೌಟ್, ಹಾಲಿನ ಅಭಿಷೇಕ, ತಮಟೆ ಆದರೆ ರಜೆಯನ್ನು ಆ ಕಡೆಗೆ ತಳ್ಳಿ. ಜೂನ್, ಜುಲೈನಲ್ಲಿ ಅದು ಸಿಗುವುದು ಅಪರೂಪ.

ದೊಡ್ಡವರು ಖಾಲಿ ಬಿಟ್ಟುಹೋದ ಈ ಶುಕ್ರವಾರಗಳಲ್ಲೇ ಹೊಸಬರು ನುಗ್ಗುತ್ತಾರೆ. 2016 ನೋಡಿ. ಮೇ 20ಕ್ಕೆ ಪವನ್ ಕುಮಾರ್ ಅವರ ‘ಯು ಟರ್ನ್’. ಎರಡು ವಾರ ಬಿಟ್ಟು ಜೂನ್ 3ಕ್ಕೆ ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಮರೆವಿನ ಕಾಯಿಲೆಯ ತಂದೆ ಕಳೆದುಹೋಗುವ ಕತೆ, ಅನಂತ್ ನಾಗ್ ಅವರ ಪಾತ್ರ. ಮರುವರ್ಷ ಜುಲೈ 7ಕ್ಕೆ ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ ಹಿಡಿದುಕೊಂಡು ಬಂದರು. ತಲೆಗೂದಲಿಲ್ಲದ ಕನ್ನಡ ಮೇಷ್ಟರನ್ನು ಹೀರೋ ಮಾಡಿದ ಸಿನಿಮಾವನ್ನು ಡಿಸೆಂಬರ್ ಗಲಾಟೆಯಲ್ಲಿ ಬಿಟ್ಟಿದ್ದರೆ ಎಷ್ಟು ಶೋ ಸಿಗುತ್ತಿತ್ತು ಹೇಳಿ?

2023ರ ಮೇ 19ಕ್ಕೆ ‘ಡೇರ್‌ಡೆವಿಲ್ ಮುಸ್ತಾಫಾ’ ಬಂತು. ಪೂರ್ಣಚಂದ್ರ ತೇಜಸ್ವಿ ಅವರ ಕತೆ, ಅವರ ಓದುಗರೇ 100 ಮಂದಿ ಸೇರಿ ಹಣ ಹಾಕಿದ ಸಿನಿಮಾ. ಅದೇ ವರ್ಷ ಜುಲೈ 21ಕ್ಕೆ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’. ಆ ದಿನಾಂಕ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಪ್ರಪಂಚದ ತುಂಬ ‘ಆಪನ್‌ಹೈಮರ್’, ‘ಬಾರ್ಬಿ’ ಬಿಡುಗಡೆಯಾದ ಶುಕ್ರವಾರ ಅದು. ಮಲ್ಟಿಪ್ಲೆಕ್ಸುಗಳು ಆ ಎರಡಕ್ಕೆ ತೆರೆ ಹಂಚುವುದರಲ್ಲೇ ಮುಳುಗಿದ್ದಾಗ ನಮ್ಮ ಹಾಸ್ಟೆಲ್ ಹುಡುಗರು ಪಕ್ಕದ ಸ್ಕ್ರೀನಿನಲ್ಲಿ ಕೂಗಾಡಿಕೊಂಡು ಗೆದ್ದರು.

‘ರಂಗಿತರಂಗ’ದ ಕತೆ ಇನ್ನೂ ಗಟ್ಟಿಯಾದದ್ದು. ಅನೂಪ್ ಭಂಡಾರಿ ಅವರ ಮೊದಲ ಸಿನಿಮಾ, ನಾಯಕ ನಾಯಕಿಯರೂ ಹೊಸಬರು. ಗೊತ್ತಿದ್ದ ಮುಖ ಅಂದರೆ ಸಾಯಿಕುಮಾರ್. 2015ರ ಜುಲೈ 3ಕ್ಕೆ ಬಂತು. ಸರಿಯಾಗಿ ಒಂದು ವಾರಕ್ಕೆ ‘ಬಾಹುಬಲಿ’, ಇನ್ನೊಂದು ವಾರಕ್ಕೆ ‘ಬಜರಂಗಿ ಭಾಯಿಜಾನ್’. ತುಂಬಿ ಓಡುತ್ತಿದ್ದ ಕನ್ನಡ ಸಿನಿಮಾವನ್ನು ಕಿತ್ತು ಹಾಕುತ್ತಿದ್ದಾರೆ ಅಂತ ಜನ ಗಲಾಟೆ ಮಾಡಿದರು, ಸೋಷಿಯಲ್ ಮೀಡಿಯಾದಲ್ಲಿ ಬಯ್ದರು. ಶೋಗಳು ವಾಪಸ್ ಬಂದವು, ಸಿನಿಮಾ ತಿಂಗಳುಗಟ್ಟಲೆ ಓಡಿತು. ಅಮೆರಿಕದಲ್ಲೂ ಕನ್ನಡಿಗರು ಸಾಲುಗಟ್ಟಿ ನೋಡಿದರು. ಹೊಸಬರ ಸಿನಿಮಾ ನೋಡೋಕೆ ಜನ ಎಲ್ಲಿದ್ದಾರೆ ಅಂತ ಯಾರಾದರೂ ಕೇಳಿದರೆ ನಾನು ಈಗಲೂ ಈ ಜುಲೈಯನ್ನೇ ತೋರಿಸುತ್ತೇನೆ.

ಈಚಿನದು ನಿಮಗೂ ಗೊತ್ತಿರುತ್ತದೆ, ‘ಸು ಫ್ರಮ್ ಸೋ’. 2025ರ ಜುಲೈ 25. ಜೆ.ಪಿ. ತೂಮಿನಾಡು ನಿರ್ದೇಶನ, ಕರಾವಳಿಯ ಒಂದು ಸಣ್ಣ ಊರು, ಒಂದು ದೆವ್ವದ ಗಾಳಿಸುದ್ದಿ, ನಗು. ತಿಂಗಳ ಹಿಂದೆ ಹೆಚ್ಚಿನವರಿಗೆ ಇಂಥದ್ದೊಂದು ಬರುತ್ತಿದೆ ಅಂತಲೇ ಗೊತ್ತಿರಲಿಲ್ಲ. ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ದುಡ್ಡು ಕೊಟ್ಟು ನೋಡುವ ಪ್ರೀಮಿಯರ್ ಇಟ್ಟರು. ನೋಡಿದವರು ಸುಮ್ಮನಿರಲಿಲ್ಲ. ಭಾನುವಾರದ ಹೊತ್ತಿಗೆ ಟಿಕೆಟ್ ಸಿಗುವುದೇ ಕಷ್ಟವಾಯಿತು, ಆಗಸ್ಟ್ ಶುರುವಿನಲ್ಲಿ ಮಲಯಾಳಂ, ತೆಲುಗಿಗೂ ಹೋಯಿತು, ಗಳಿಕೆ 100 ಕೋಟಿ ದಾಟಿತು. ಆಷಾಢ ಮುಗಿದ ಮರುದಿನವೇ ಬಂದ ಸಿನಿಮಾ ಅದು. ನಂಬಿಕೆ ಇರುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬಹುದು!

ಇಷ್ಟು ಓದಿ ಜೂನಿನಲ್ಲಿ ಬರುವ ಎಲ್ಲ ಚಿಕ್ಕ ಸಿನಿಮಾಗಳಿಗೂ ನುಗ್ಗಬೇಡಿ. ನಾನು ಹೇಳಿದ್ದು ಗೆದ್ದವರ ಹೆಸರು. ಕನ್ನಡದಲ್ಲಿ ಈಚೆಗೆ ವರ್ಷಕ್ಕೆ 200ಕ್ಕೂ ಹೆಚ್ಚು ಸಿನಿಮಾ ಬರುತ್ತಿವೆ. ವರ್ಷಕ್ಕಿರುವುದು 52 ಶುಕ್ರವಾರ. ಕೆಲವು ವಾರ ಆರೇಳು ಒಟ್ಟಿಗೆ ಬಂದು, ಮುಂದಿನ ಗುರುವಾರದೊಳಗೆ ಅಷ್ಟೂ ಮಾಯ. ಅವುಗಳಲ್ಲಿ ಮುಕ್ಕಾಲು ಪಾಲು ಮಾಯವಾದದ್ದೇ ಒಳ್ಳೆಯದಾಯಿತು ಅನ್ನಿಸುವಂಥವು, ನಿಷ್ಠುರವಾದರೂ ಹೇಳುತ್ತೇನೆ.

ಹಾಗಾದರೆ ಆರಿಸುವುದು ಹೇಗೆ? ನಾನು ಮೊದಲು ನೋಡುವುದು ಪ್ರೀಮಿಯರ್ ಇಟ್ಟಿದ್ದಾರಾ ಅಂತ. ‘777 ಚಾರ್ಲಿ’ 2022ರ ಜೂನ್ 10ಕ್ಕೆ ಬರುವ ಕೆಲವು ದಿನ ಮೊದಲೇ ದೇಶದ ಬೇರೆ ಬೇರೆ ನಗರಗಳಲ್ಲಿ ತೋರಿಸಿದ್ದರು. ಸಿನಿಮಾ ಚೆನ್ನಾಗಿಲ್ಲ ಅಂತ ತಂಡಕ್ಕೇ ಅನುಮಾನ ಇದ್ದರೆ ಯಾರೂ ಈ ಧೈರ್ಯ ಮಾಡುವುದಿಲ್ಲ. ಆಮೇಲೆ ತಂತ್ರಜ್ಞರ ಹೆಸರು. ನಿರ್ದೇಶಕ ಹೊಸಬರಾದರೂ ಸಂಕಲನ, ಕ್ಯಾಮೆರಾ, ಶಬ್ದದಲ್ಲಿ ನಾನು ಮೆಚ್ಚಿದ ಸಿನಿಮಾದವರು ಇದ್ದಾರಾ ಅಂತ ಹುಡುಕುತ್ತೇನೆ. ಟ್ರೇಲರಿನಲ್ಲಿ ಹೀರೋ ನಿಧಾನಗತಿಯಲ್ಲಿ ನಡೆದುಬರುವುದು ಮೂರು ಸಲ ಬಂದರೆ ಅಲ್ಲಿಗೇ ಬಿಡುತ್ತೇನೆ.

ಈಗ ತಾರೀಖಿನ ವಿಷಯ. ‘ಕೆಜಿಎಫ್ ಚಾಪ್ಟರ್ 2’ ಮೊದಲು 2020ರ ಅಕ್ಟೋಬರ್ 23ಕ್ಕೆ ಅಂದರು, ಆಮೇಲೆ 2021ರ ಜುಲೈ 16, ಕೊನೆಗೆ ಬಂದದ್ದು 2022ರ ಏಪ್ರಿಲ್. ‘ವಿಕ್ರಾಂತ್ ರೋಣ’ 2021ರ ಆಗಸ್ಟ್ 19ರಿಂದ 2022ರ ಫೆಬ್ರವರಿ 24ಕ್ಕೆ ಹೋಗಿ, ಜುಲೈ 28ಕ್ಕೆ ತೆರೆಕಂಡಿತು. ಇವಕ್ಕೆ ಕೊರೊನಾ ಅಡ್ಡ ಬಂತು, ಸರಿ. ಕೊರೊನಾ ಹೋದ ಮೇಲೂ ‘ಸಪ್ತ ಸಾಗರದಾಚೆ ಎಲ್ಲೋ’ ಸೈಡ್ ಬಿ, ಅಂದರೆ ಎರಡನೇ ಭಾಗ, 2023ರ ಅಕ್ಟೋಬರಿಗೆ ಅಂತ ಹೇಳಿ ನವೆಂಬರ್ 17ಕ್ಕೆ ಬಂತು. ಗ್ರಾಫಿಕ್ಸ್ ಮುಗಿದಿರುವುದಿಲ್ಲ, ಓಟಿಟಿ ಜೊತೆ ಮಾತುಕತೆ ಕುದುರಿರುವುದಿಲ್ಲ, ಬೇರೆ ಭಾಷೆಯ ದೊಡ್ಡ ಸಿನಿಮಾ ಅದೇ ವಾರಕ್ಕೆ ಬಂದು ಕೂತಿರುತ್ತದೆ. ವರ್ಷದ ಮುಂಚೆ ಹೇಳುವ ತಾರೀಖು ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಬೇರೆಯವರು ಕೂರದಿರಲಿ ಅಂತ ಹಾಕಿರುತ್ತಾರೆ, ಹಾಕಿದವರು ಬಸ್ ಹತ್ತುತ್ತಾರೋ ಇಲ್ಲವೋ ಆಮೇಲಿನ ಮಾತು.

ನಂಬುವ ಹಂತ ಬರುವುದು ಸೆನ್ಸಾರ್ ಆದ ಮೇಲೆ. ಪೋಸ್ಟರಿನ ಮೂಲೆಯಲ್ಲಿ ಯು, ಯು/ಎ ಅಥವಾ ಎ ಅಂತ ಕಂಡರೆ ಸಿನಿಮಾ ಪೂರ್ತಿ ಕೈಗೆ ಬಂದಿದೆ ಅಂತ ಲೆಕ್ಕ. ಮಕ್ಕಳ ಜೊತೆ ಬರುವುದಾದರೆ ಯು/ಎ ಪಕ್ಕದ ಸಂಖ್ಯೆಯನ್ನೂ ನೋಡಿಕೊಳ್ಳಿ. ಈಗ ಅದನ್ನು 7, 13, 16 ವರ್ಷ ಅಂತ ಮೂರು ಮಾಡಿದ್ದಾರೆ. ಸೆನ್ಸಾರ್ ಆದ ಮೇಲೆ ಥಿಯೇಟರ್ ಪಟ್ಟಿ ಬರುತ್ತದೆ. ಚಿಕ್ಕ ಸಿನಿಮಾಗಳಿಗೆ ಬುಕಿಂಗ್ ತೆರೆಯುವುದೇ ಬುಧವಾರ, ಕೆಲವೊಮ್ಮೆ ಗುರುವಾರ ರಾತ್ರಿ. ಸೋಮವಾರ ಆ್ಯಪ್ ತೆರೆದು ನೋಡಿ ಏನೂ ಇಲ್ಲ ಅಂತ ಬಿಟ್ಟುಬಿಡಬೇಡಿ.

ಸಾಧ್ಯವಾದರೆ ರಜೆಯನ್ನು ಇನ್ನೊಂದು ವಾರ ಎಳೆಯಿರಿ, ಯಾಕೆಂದರೆ ಶ್ರಾವಣದಲ್ಲಿ ಗಾಳಿ ತಿರುಗುತ್ತದೆ. ವರಮಹಾಲಕ್ಷ್ಮಿ ಹಬ್ಬ ಬರುವುದೇ ಶುಕ್ರವಾರ, ಸಿನಿಮಾ ಬರುವುದೂ ಶುಕ್ರವಾರ. 2024ರ ಮೊದಲ ಅರ್ಧದಲ್ಲಿ ಕನ್ನಡ ಥಿಯೇಟರುಗಳು ಭಣಗುಟ್ಟುತ್ತಿದ್ದವು. ಆಗಸ್ಟ್ 9ಕ್ಕೆ ದುನಿಯಾ ವಿಜಯ್ ಅವರ ‘ಭೀಮ’ ಬಂತು, ಜನ ಬಂದರು. 15ಕ್ಕೆ ಗಣೇಶ್ ಅವರ ‘ಕೃಷ್ಣಂ ಪ್ರಣಯ ಸಖಿ’. ಗುರುವಾರ ಸ್ವಾತಂತ್ರ್ಯ ದಿನ, ಶುಕ್ರವಾರ ವರಮಹಾಲಕ್ಷ್ಮಿ, ಆಮೇಲೆ ವಾರಾಂತ್ಯ. ಹಿಂದಿಯ ‘ಸ್ತ್ರೀ 2’ ಅದೇ ದಿನ ಬಂದಿದ್ದರೂ ಗಣೇಶ್ ಸಿನಿಮಾಕ್ಕೆ ಹೆಂಗಸರು ಸೀರೆಯುಟ್ಟುಕೊಂಡು ಮನೆಮಂದಿಯ ಜೊತೆ ಬಂದದ್ದನ್ನು ನಾನೇ ನೋಡಿದ್ದೇನೆ. ಹಾಡು ಮೊದಲೇ ಎಲ್ಲರ ಬಾಯಲ್ಲಿತ್ತು, ಅದೂ ಕೆಲಸ ಮಾಡಿತು.

ಟಿಕೆಟ್ ದರ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 200 ರೂಪಾಯಿ ಮಿತಿ ಅಂತ ಸರ್ಕಾರ 2025ರಲ್ಲಿ ನಿಯಮ ತಂದಿತ್ತು, ಹೈಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ವಾರಾಂತ್ಯದ ಮಲ್ಟಿಪ್ಲೆಕ್ಸ್ ದರ ನೋಡಿ ಗಾಬರಿಯಾಗುವುದಕ್ಕಿಂತ ಸಿಂಗಲ್ ಸ್ಕ್ರೀನ್ ಹುಡುಕಿ. ಚಿಕ್ಕ ಸಿನಿಮಾಕ್ಕೆ ಮಾತ್ರ ಮಂಗಳವಾರ ಹೋದರಾಯಿತು ಅಂತ ಕೂರಬೇಡಿ. ಮೊದಲ ಮೂರು ದಿನದ ಜನ ನೋಡಿಯೇ ಸೋಮವಾರ ಶೋ ಇಡುವುದೋ ತೆಗೆಯುವುದೋ ತೀರ್ಮಾನ ಆಗುತ್ತದೆ. ಓಟಿಟಿಗೆ ಬರಲಿ ಬಿಡು ಅನ್ನುವವರಿಗೆ ನಾನು ಏನೂ ಹೇಳುವುದಿಲ್ಲ, ಮಳೆಯಲ್ಲಿ ಮನೆಯ ಸೋಫಾ ಸುಖವೇ. ಆದರೆ ‘ಸು ಫ್ರಮ್ ಸೋ’ ಥರದ್ದನ್ನು ತುಂಬಿದ ಥಿಯೇಟರಿನಲ್ಲಿ ನೋಡಿದರೇ ಮಜಾ.

ಯಾವ ಊರಿಗೆ ಬರುತ್ತೀರಿ ಅಂತ ನೀವು ಬರೆದಿಲ್ಲ. ಬೆಂಗಳೂರು, ಮೈಸೂರು, ಮಂಗಳೂರಾದರೆ ಹೊಸಬರ ಸಿನಿಮಾ ಶುಕ್ರವಾರವೇ ಸಿಗುತ್ತದೆ. ಶಿವಮೊಗ್ಗ, ಹುಬ್ಬಳ್ಳಿ, ದಾವಣಗೆರೆಯಲ್ಲಿ ಒಂದೆರಡು ಶೋ ಇರಬಹುದು, ಅದೂ ಹೊತ್ತಲ್ಲದ ಹೊತ್ತಿನಲ್ಲಿ. ತಾಲ್ಲೂಕು ಕೇಂದ್ರವಾದರೆ ಗೆದ್ದ ಮೇಲೆ, ಎರಡನೇ ಮೂರನೇ ವಾರಕ್ಕೆ ಬರುತ್ತದೆ, ಅಷ್ಟರಲ್ಲಿ ಕತೆ ಪೂರ್ತಿ ವಾಟ್ಸಾಪಿನಲ್ಲಿ ಬಂದಿರುತ್ತದೆ. ಊರಿನ ಹೆಸರು ಹೇಳಿ. ನೀವು ಬರುವ ವಾರ ಸೆನ್ಸಾರ್ ಆಗಿ ಕೂತಿರುವ ಸಿನಿಮಾ ಯಾವುವು, ನಿಮ್ಮ ಹತ್ತಿರದ ಯಾವ ಥಿಯೇಟರಿಗೆ ಬರಬಹುದು ಅಂತ ನೋಡಿ ಹೇಳುತ್ತೇನೆ.