ಮನುಷ್ಯ ಹೋಗಲಾಗದ ಎತ್ತರದಿಂದ ಹಳೇ ರೇಡಿಯೋ ಡಬ್ಬಿಗಳು ಮಾಹಿತಿ ಕಳಿಸುತ್ತಿದ್ದದ್ದು ಹೇಗೆ?

ಚಳ್ಳಕೆರೆ ಹತ್ತಿರ ನಮ್ಮ ಶೇಂಗಾ ಹೊಲದಲ್ಲಿ ಒಮ್ಮೆ ಹರಿದ ಬಲೂನು, ದಾರ, ಹಗುರವಾದ ಡಬ್ಬಿ ಬಿದ್ದಿತ್ತು. ಬಾಂಬ್ ಇರಬೇಕು ಅಂತ ಯಾರೂ ಮುಟ್ಟಲಿಲ್ಲ. ಅದು ರೇಡಿಯೋಸಾಂಡ್, ಹವಾಮಾನ ಅಳೆಯುವ ಡಬ್ಬಿ.

1875ರಲ್ಲಿ ಬಲೂನಿನಲ್ಲಿ 8 ಕಿ.ಮೀ. ದಾಟಿದ ಮೂವರು ಫ್ರೆಂಚರಲ್ಲಿ ಇಬ್ಬರು ಆಮ್ಲಜನಕ ಸಾಲದೆ ಸತ್ತರು. ಆಮೇಲೆ ಬರೀ ಉಪಕರಣ ಹಾರಿಸಿದರು. ಆದರೆ ಅದರ ಅಳತೆ ನೋಡಲು ಕೆಳಗೆ ಬಿದ್ದ ಡಬ್ಬಿ ಕೈಗೆ ಸಿಗಬೇಕಲ್ವಾ? 1929ರಲ್ಲಿ ಫ್ರಾನ್ಸಿನ ರಾಬರ್ಟ್ ಬ್ಯೂರೋ ಅದಕ್ಕೆ ರೇಡಿಯೋ ಜೋಡಿಸಿದರು.

ಹಳೇ ಮಾದರಿಗಳಲ್ಲಿ ಒಳಗಿನ ಗಾಳಿ ತೆಗೆದ, ತೆಳು ಲೋಹದ ಟೊಳ್ಳು ಬಿಲ್ಲೆ ಇರುತ್ತಿತ್ತು. ಮೇಲೆ ಹೋದಂತೆ ಒತ್ತಡ ಇಳಿದು ಬಿಲ್ಲೆ ಉಬ್ಬುತ್ತದೆ, ಮುಳ್ಳನ್ನು ತಳ್ಳುತ್ತದೆ. ಮುಳ್ಳು ಲೋಹದ ಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿದ ಹಾಗೆ ರೇಡಿಯೋ ಸಂಕೇತ ಬದಲಾಗುತ್ತದೆ. ಕೆಳಗಿನವರು ಅದನ್ನು ಬರೆದುಕೊಳ್ಳುತ್ತಿದ್ದರು. ತೇವ ಅಳೆಯಲು ಕೆಲವದರಲ್ಲಿ ಮನುಷ್ಯರ ಕೂದಲೇ ಇತ್ತು. ತೇವ ಜಾಸ್ತಿಯಾದರೆ ಅದು ಸ್ವಲ್ಪ ಉದ್ದವಾಗುತ್ತದೆ!